ಪಿಯರ್ ಹಣ್ಣು ಯಾಕ್ ತಂದಿ ತಮ್ಮಾ? ಬಳ್ಳಾರಿಯ ಶರತ್ಕಾಲದ ಊಟದ ಕಥೆ

ಭಾಗ 1/10: ರೀಲ್ ನೋಡಿ ಕೆಟ್ಟೆ

ಫೋಟೋದಲ್ಲಿರೋದು ನಾಲ್ಕು ಪಿಯರ್ ಹಣ್ಣು, ಒಂದು ಬಾಟಲಿ ಜೇನುತುಪ್ಪ, ಒಂದು ಪೊಟ್ಟಣ ಬಿಳಿ ಎಳ್ಳು. ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಬಳ್ಳಾರಿ ಮಾರ್ಕೆಟ್‌ನಲ್ಲಿ ಕೊಂಡಿದ್ದು. ನನ್ನ ಪಾಕೆಟ್ ಮನಿಯ ಅರ್ಧ ಅಲ್ಲೇ ಹೋಯ್ತು.

ಕಾರಣ ಒಂದು ರೀಲ್. ನೀವೂ ನೋಡಿರ್ತೀರಿ. ಮೆತ್ತಗಿನ ಮ್ಯೂಸಿಕ್, ಬಿಳಿ ಬಟ್ಟಲು, ಹಬೆಯಾಡೋ ಸೂಪ್. "ಶರತ್ಕಾಲ ಬಂತು, ಶ್ವಾಸಕೋಶ ಒಣಗುತ್ತೆ, ಪಿಯರ್ ತಿನ್ನಿ, ಬಿಳಿ ಬಣ್ಣದ ಆಹಾರ ತಿನ್ನಿ, ಖಾರ ಬಿಡಿ. ಇದು ಎರಡು ಸಾವಿರ ವರ್ಷದ ಚೀನೀ ವೈದ್ಯ." ನನಗೆ ಆಗ ಕೆಮ್ಮಿತ್ತು, ಇಂಟರ್ನಲ್ಸ್ ಟೆನ್ಷನ್ ಬೇರೆ. ನಂಬಿಬಿಟ್ಟೆ.

ಆ ಶನಿವಾರ ಚೀಲ ಹಿಡ್ಕೊಂಡು ಸಿರುಗುಪ್ಪ ಬಸ್ ಹತ್ತಿದೆ. ಅಜ್ಜಿ ಇರೋದು ಆ ಕಡೆಯ ಒಂದು ಹಳ್ಳಿಯಲ್ಲಿ. ದಾರಿಯುದ್ದಕ್ಕೂ ಮಳೆ. ಮನೆ ಮುಟ್ಟೋ ಹೊತ್ತಿಗೆ ಪ್ಯಾಂಟ್ ಮೊಣಕಾಲ ತನಕ ಕೆಸರು. ಅಜ್ಜಿ ಚೀಲ ಬಿಚ್ಚಿ ನೋಡಿದ್ಲು. ಹಣ್ಣನ್ನ ಮೂಗಿಗೆ ಹಿಡಿದು ನೋಡಿದ್ಲು. ಆಮೇಲೆ ಕೇಳಿದ್ಲು:

"ಇದನ್ನ ಯಾಕ್ ತಂದಿ ತಮ್ಮಾ?"

"ಈಗ ಮೈ ಒಣಗೋ ಕಾಲ ಅಜ್ಜಿ. ಇದು ತಂಪು."

ಅಜ್ಜಿ ಬಾಗಿಲಾಚೆ ಕೈ ತೋರಿಸಿದ್ಲು. "ಹೊರಗ ಉತ್ತರಿ ಮಳಿ ಹೊಡ್ಯಾಕತ್ತೈತಿ. ಹೊಲದಾಗ ಕಾಲಿಟ್ರ ಕಾಲು ಹೂತು ಹೋಗ್ತೈತಿ. ನಿನ್ನ ಮೈ ಎಲ್ಲಿ ಒಣಗೈತಿ?"

ಉತ್ತರ ಇರಲಿಲ್ಲ ನನ್ನ ಹತ್ರ. ಹಣ್ಣು ಮಾತ್ರ ಇಬ್ರೂ ತಿಂದ್ವಿ, ರುಚಿಯಾಗೇ ಇತ್ತು. ಆದ್ರೆ ಆ ಪ್ರಶ್ನೆ ತಲೆಯಲ್ಲೇ ಉಳೀತು. ಶರತ್ಕಾಲದಲ್ಲಿ ಏನು ತಿನ್ನಬೇಕು ಅಂತ ಚೀನಾದವರು ಬರೆದ್ರು, ನಮ್ಮ ಆಯುರ್ವೇದದವರು ಬರೆದ್ರು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಜನ ನಿಜವಾಗಿ ಏನು ತಿಂತಿದ್ರು? ಹುಡುಕ್ತಾ ಹೋದ್ರೆ ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಯ್ತು. ಹತ್ತು ಪೋಸ್ಟ್‌ನಲ್ಲಿ ಹೇಳ್ತೀನಿ. ಬಿಕಾಂ ಹುಡುಗ ಇತಿಹಾಸ ಬರೀತಿದ್ದಾನೆ ಅಂತ ನಗಬೇಡಿ. ಲೆಕ್ಕನೂ ಬರುತ್ತೆ ಇದರಲ್ಲಿ.

ಭಾಗ 2/10: ಚೀನಾ ಪುಸ್ತಕದ ತಪ್ಪಲ್ಲ

ಮೊದಲು ನ್ಯಾಯವಾಗಿ ಮಾತಾಡೋಣ. ಆ ರೀಲ್ ಪೂರ್ತಿ ಕಟ್ಟುಕಥೆಯಲ್ಲ.

ಚೀನೀ ವೈದ್ಯದ ಮೂಲಗ್ರಂಥದ ಹೆಸರು 'ಹುವಾಂಗ್‌ದಿ ನೇಯ್‌ಜಿಂಗ್'. ಹಳದಿ ಚಕ್ರವರ್ತಿ ಮತ್ತು ಅವನ ವೈದ್ಯನ ನಡುವಿನ ಸಂವಾದದ ರೂಪದಲ್ಲಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಈ ರೂಪಕ್ಕೆ ಬಂತು ಅಂತ ವಿದ್ವಾಂಸರು ಹೇಳ್ತಾರೆ. ಅದರ ಮೊದಲ ಭಾಗದ ಎರಡನೇ ಅಧ್ಯಾಯ ಇರೋದೇ ನಾಲ್ಕು ಋತುಗಳಲ್ಲಿ ಹೇಗೆ ಬದುಕಬೇಕು ಅನ್ನೋದರ ಬಗ್ಗೆ. ಶರತ್ಕಾಲದಲ್ಲಿ ಬೇಗ ಮಲಗು, ಕೋಳಿ ಏಳೋ ಹೊತ್ತಿಗೆ ಏಳು, ಮನಸ್ಸನ್ನ ಶಾಂತವಾಗಿಟ್ಕೋ ಅನ್ನುತ್ತೆ. ಈ ಋತು ಶ್ವಾಸಕೋಶಕ್ಕೆ ಸೇರಿದ್ದು, ಎಚ್ಚರ ತಪ್ಪಿದ್ರೆ ಚಳಿಗಾಲದಲ್ಲಿ ಹೊಟ್ಟೆ ಕೆಡುತ್ತೆ ಅಂತಾನೂ ಹೇಳುತ್ತೆ.

ಆ ಪರಂಪರೆಯಲ್ಲಿ ಶರತ್ಕಾಲದ ಗುಣ ಅಂದ್ರೆ 'ಶುಷ್ಕತೆ', ಒಣಗುವಿಕೆ. ಅದಕ್ಕೇ ಪಿಯರ್, ಜೇನು, ಎಳ್ಳು, ತಾವರೆ ಬೇರು. ಒಣಗಿದ ಗಂಟಲನ್ನ ತೇವ ಮಾಡೋವಂಥವು. ಶುಂಠಿ, ಈರುಳ್ಳಿ, ಖಾರ ಕಡಿಮೆ, ಹುಳಿ ಸ್ವಲ್ಪ ಜಾಸ್ತಿ.

ಯಾಕೆ ಒಣಗುತ್ತೆ? ಉತ್ತರ ಚೀನಾದ ಮಳೆ ನೋಡಿ. ಅಲ್ಲಿ ಜೋರು ಮಳೆ ಜುಲೈ, ಆಗಸ್ಟ್‌ನಲ್ಲಿ. ಸೆಪ್ಟೆಂಬರ್ ದಾಟಿದ ಮೇಲೆ ಆಕಾಶ ತಿಳಿಯಾಗಿ, ವಾಯುವ್ಯದಿಂದ ಒಣಗಾಳಿ ಬೀಸುತ್ತೆ. ತುಟಿ ಒಡೆಯುತ್ತೆ, ಗಂಟಲು ಕೆರೆಯುತ್ತೆ. ಅಲ್ಲಿನ ವೈದ್ಯರು ಕಣ್ಣಿಗೆ ಕಂಡಿದ್ದನ್ನೇ ಬರೆದಿದ್ದಾರೆ.

ಇನ್ನೊಂದು ಸೊಗಸಿನ ವಿಷಯ. ಅವರು ವರ್ಷವನ್ನ 24 ಭಾಗ ಮಾಡ್ತಾರೆ, ಒಂದೊಂದು ಸುಮಾರು 15 ದಿನ. ಸೆಪ್ಟೆಂಬರ್ ಮೊದಲ ವಾರದ ನಂತರದ ಭಾಗಕ್ಕೆ 'ಬಿಳಿ ಇಬ್ಬನಿ' ಅಂತ ಹೆಸರು, ಅಕ್ಟೋಬರ್ 8ರ ಸುಮಾರಿಗೆ ಬರೋದಕ್ಕೆ 'ತಣ್ಣನೆ ಇಬ್ಬನಿ'. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ರೈತರ ಲೆಕ್ಕವೂ ಹೀಗೇ. ವರ್ಷಕ್ಕೆ 27 ನಕ್ಷತ್ರ, ಒಂದೊಂದು ಮಳೆ 13-14 ದಿನ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಅಜ್ಜಿ "ಉತ್ತರಿ ಮಳಿ" ಅಂದಿದ್ದು ಇದೇ ಕ್ಯಾಲೆಂಡರ್.

ಭಾಗ 3/10: ನಮ್ಮ ಪುಸ್ತಕ ಬೇರೆನೇ ಹೇಳುತ್ತೆ

ಸರಿ, ಚೀನಾ ಬಿಡೋಣ. ನಮ್ಮ ಆಯುರ್ವೇದ ಏನನ್ನುತ್ತೆ?

ಚರಕಸಂಹಿತೆಯ ಸೂತ್ರಸ್ಥಾನದ ಆರನೇ ಅಧ್ಯಾಯ, ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ಮೂರನೇ ಅಧ್ಯಾಯ, ಎರಡರಲ್ಲೂ ಋತುಚರ್ಯೆ ಇದೆ. ಶರದೃತು ಅಂದ್ರೆ ಆಶ್ವಯುಜ, ಕಾರ್ತಿಕ. ಇಲ್ಲಿ ಸಮಸ್ಯೆ ಒಣಗೋದಲ್ಲ, ಪಿತ್ತ. ಮಳೆಗಾಲದಲ್ಲಿ ಮೈ ತಂಪಿಗೆ ಒಗ್ಗಿಕೊಂಡಿರುತ್ತೆ, ಒಳಗೆ ಪಿತ್ತ ಕೂಡಿಕೊಂಡಿರುತ್ತೆ. ಮೋಡ ಸರಿದು ಒಮ್ಮೆಲೇ ಚುರುಕು ಬಿಸಿಲು ಬಿದ್ದಾಗ ಅದು ಕೆರಳುತ್ತೆ ಅನ್ನೋದು ಅವರ ವಿವರಣೆ.

ಹಾಗಾಗಿ ಊಟ ಸಿಹಿ, ಕಹಿ, ಹಗುರ, ತಂಪು. ಅಕ್ಕಿ, ಜವೆಗೋಧಿ, ಗೋಧಿ, ಹೆಸರು, ನೆಲ್ಲಿಕಾಯಿ, ಪಡವಲ ಜಾತಿಯ ಕಹಿ ತರಕಾರಿ, ಜೇನು, ತುಪ್ಪ. ಬೇಡದ್ದು ಎಣ್ಣೆ ಜಿಡ್ಡು, ಮೊಸರು, ಕ್ಷಾರ, ಹಗಲು ನಿದ್ದೆ, ಜೋರು ಬಿಸಿಲು. ಮಧ್ಯಾಹ್ನದ ಕ್ಲಾಸ್‌ನಲ್ಲಿ ತೂಕಡಿಸೋರು ಗಮನಿಸಿ.

ನನಗೆ ತುಂಬಾ ಇಷ್ಟವಾಗಿದ್ದು 'ಹಂಸೋದಕ'. ಹಗಲು ಬಿಸಿಲಲ್ಲಿ ಕಾದು, ರಾತ್ರಿ ಬೆಳದಿಂಗಳಲ್ಲಿ ತಣಿದು, ಅಗಸ್ತ್ಯ ನಕ್ಷತ್ರ ಮೂಡಿದ ಮೇಲೆ ತಿಳಿಯಾದ ನೀರು. ಮಳೆಗಾಲದ ರಾಡಿ ನೀರು ತಳಕ್ಕೆ ಕೂತು ತಿಳಿಯಾಗೋದನ್ನ ಎಷ್ಟು ಚಂದ ಗಮನಿಸಿದ್ದಾರೆ ನೋಡ್ರಿ.

ಈ ವಿದ್ಯೆ ನಮ್ಮೂರಿಗೆ ದೂರದ್ದಲ್ಲ. ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿನ ಹೆಸರಲ್ಲಿರೋ 'ತಾರಾನಾಥ' ಯಾರು ಗೊತ್ತಾ? ಪಂಡಿತ ತಾರಾನಾಥರು. ಮಂಗಳೂರಿನ ಕಡೆಯಿಂದ ಬಂದು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು, ತುಂಗಭದ್ರೆಯ ದಡದಲ್ಲಿ 'ಪ್ರೇಮಾಯತನ' ಆಶ್ರಮ ನಡೆಸಿದವರು, ವೈದ್ಯರು. 1942ರಲ್ಲಿ ತೀರಿಕೊಂಡರು. ಸರೋದ್ ವಾದಕ ರಾಜೀವ್ ತಾರಾನಾಥರ ತಂದೆ.

ಈಗ ನನ್ನ ಗೊಂದಲ ಕೇಳಿ. ಒಂದೇ ಋತು. ಒಂದು ಪುಸ್ತಕ ಒಣಗ್ತೀಯ ಅನ್ನುತ್ತೆ, ಇನ್ನೊಂದು ಉರಿ ಏಳುತ್ತೆ ಅನ್ನುತ್ತೆ. ಎರಡೂ ಒಂದು ವಿಷಯಕ್ಕೆ ಒಪ್ಪುತ್ತವೆ: ಶರತ್ಕಾಲಕ್ಕೆ ಮಳೆ ಮುಗಿದಿರುತ್ತೆ. ಆದ್ರೆ ಬಳ್ಳಾರಿಯಲ್ಲಿ?

ಭಾಗ 4/10: ನಮ್ಮ ಆಕಾಶದ ಲೆಕ್ಕ

ನಮ್ಮದು ಮಳೆನೆರಳಿನ ನಾಡು. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ ಖಾಲಿಯಾದ ಮೋಡಗಳು ನಮ್ಮ ತಲೆ ಮೇಲೆ ಹಾದುಹೋಗ್ತವೆ ಅಷ್ಟೇ. ವರ್ಷಕ್ಕೆ ಬೀಳೋದು ಹೆಚ್ಚುಕಡಿಮೆ 500 ಮಿಲಿಮೀಟರ್. ಜೂನ್, ಜುಲೈನಲ್ಲಿ ಮಂಗಳೂರು ಮುಳುಗ್ತಿರುವಾಗ ನಾವು ಆಕಾಶ ನೋಡ್ತಾ ಕೂತಿರ್ತೀವಿ. ನಮಗೆ ಸರಾಸರಿಯಲ್ಲಿ ಹೆಚ್ಚು ಮಳೆ ಬರೋದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್‌ನಲ್ಲೂ ಒಳ್ಳೆ ಮಳೆ ಇರುತ್ತೆ.

ಅಂದ್ರೆ ಪುಸ್ತಕದ ಶರತ್ಕಾಲ ಶುರುವಾಗೋ ಹೊತ್ತಿಗೆ ನಮ್ಮ ನಿಜವಾದ ಮಳೆಗಾಲ ನಡೀತಿರುತ್ತೆ. ಅಜ್ಜಿಯ ಪ್ರಶ್ನೆಯಲ್ಲಿ ಹವಾಮಾನ ಇಲಾಖೆಯ ಪಾಠವೇ ಇತ್ತು.

ನಮ್ಮಲ್ಲಿ ಎರಡು ಥರ ನೆಲ. ಬೆಟ್ಟಗುಡ್ಡದ ಬುಡದಲ್ಲಿ ಕೆಂಪು ಮಣ್ಣು, ಅದು ಮಸಾರಿ. ಸಿರುಗುಪ್ಪ ಕಡೆ ಬಯಲಲ್ಲಿ ಕಪ್ಪು ಮಣ್ಣು, ಅದು ಎರೆ. ಮಸಾರಿಗೆ ಮುಂಗಾರು ಬಿತ್ತನೆ, ಜೂನ್ ಜುಲೈ. ಎರೆ ಭೂಮಿ ನೀರು ಕುಡಿದು ಒಳಗೆ ಇಟ್ಕೊಳ್ಳುತ್ತೆ, ಅಲ್ಲಿ ಹಿಂಗಾರು. ಉತ್ತರೆ, ಹಸ್ತ ಮಳೆಗೆ ನೆಲ ಹಸಿಯಾದ ಮೇಲೆ ಬಿಳಿಜೋಳ ಬಿತ್ತಿದ್ರೆ, ಆಮೇಲೆ ಹೆಚ್ಚು ಮಳೆಯೇ ಬೇಡ. ನೆಲದ ತೇವ, ಚಳಿಗಾಲದ ಇಬ್ಬನಿ ಸಾಕು. ರಾಶಿ ಮಾಡೋದು ಸಂಕ್ರಾಂತಿ ದಾಟಿದ ಮೇಲೆ.

ಈಗ ಹೊಟ್ಟೆ ಲೆಕ್ಕ ಹಾಕಿ. ಜೋಳದ ರಾಶಿ ಜನವರಿ, ಫೆಬ್ರವರಿಯಲ್ಲಿ ಬಂತು. ಮದುವೆ, ಜಾತ್ರೆ, ಬೇಸಿಗೆ ದಾಟಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಮನೆಯ ದಾಸ್ತಾನು ತಳ ಕಾಣುತ್ತೆ. ಅದೇ ಹೊತ್ತಿಗೆ ಬಿತ್ತನೆ ಬೀಜನೂ ಬೇಕು, ಹೊಲದ ಕೆಲಸಕ್ಕೆ ಹೆಚ್ಚು ಶಕ್ತಿನೂ ಬೇಕು. ಕ್ಲೋಸಿಂಗ್ ಸ್ಟಾಕ್ ಕಡಿಮೆ, ಖರ್ಚು ಜಾಸ್ತಿ. ಬಿಕಾಂನವರಿಗೆ ಅರ್ಥವಾಗಿರುತ್ತೆ.

ಆ ತಿಂಗಳುಗಳಲ್ಲಿ ಏನು ತಿನ್ನಬೇಕು ಅನ್ನೋದಕ್ಕಿಂತ ಮುಂಚೆ ಏನು ಉಳಿದಿದೆ ಅನ್ನೋ ಪ್ರಶ್ನೆ ಬರ್ತಿತ್ತು. ಅಂಥ ಹೊತ್ತಲ್ಲಿ ಕೈಹಿಡಿದಿದ್ದು ಯಾವುದು? ಮುಂದಿನ ಪೋಸ್ಟ್‌ನಲ್ಲಿ ಬೆಟ್ಟ ಹತ್ತೋಣ.

ಭಾಗ 5/10: ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು. ಸುಟ್ಟ ಕಾಳಿನ ಸಾಕ್ಷಿ

ಬಳ್ಳಾರಿ ಊರಂಚಿನ ಸಂಗನಕಲ್ಲು ಬೆಟ್ಟಕ್ಕೆ ನೀವು ಫೋಟೋ ತೆಗೆಯೋಕೆ ಹೋಗಿರ್ತೀರಿ. ನಾನೂ ಹಾಗೇ ಹೋಗ್ತಿದ್ದೆ. ಅದು ದಕ್ಷಿಣ ಭಾರತದ ನವಶಿಲಾಯುಗದ ದೊಡ್ಡ ನೆಲೆಗಳಲ್ಲಿ ಒಂದು ಅನ್ನೋದು ತಿಳಿದಿದ್ದು ತಡವಾಗಿ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಕಲ್ಲಿನ ಆಯುಧಗಳನ್ನ ಗುರುತಿಸಿದ್ರು. ಅವರ ಹೆಸರಲ್ಲಿ ಈಗ ಬಳ್ಳಾರಿಯಲ್ಲಿ ಮ್ಯೂಸಿಯಂ ಇದೆ. ಬಿ. ಸುಬ್ಬರಾವ್ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ತಂದ್ರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಉತ್ಖನನ ಮಾಡಿದ್ರು.

ಕಲ್ಲು, ಮಡಕೆ ಸಿಗುತ್ತೆ ಸರಿ. ಊಟ ಹೇಗೆ ಸಿಗುತ್ತೆ? ಇಲ್ಲಿದೆ ಮಜಾ. ಅಗೆದ ಮಣ್ಣನ್ನ ನೀರಿಗೆ ಹಾಕಿ ಕಲಕ್ತಾರೆ. ಮಣ್ಣು ತಳಕ್ಕೆ ಹೋಗುತ್ತೆ. ಸಾವಿರಾರು ವರ್ಷದ ಹಿಂದೆ ಒಲೆಯಲ್ಲಿ ಸುಟ್ಟು ಇದ್ದಿಲಾದ ಕಾಳು ಮೇಲೆ ತೇಲುತ್ತೆ. ಅದನ್ನ ಜಾಲರಿಯಲ್ಲಿ ಹಿಡಿದು ಮೈಕ್ರೋಸ್ಕೋಪ್ ಕೆಳಗೆ ನೋಡ್ತಾರೆ. ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತವರ ಸಂಗಡಿಗರು ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು ಮುಂತಾದ ಕಡೆ ಹೀಗೆ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದ್ರು.

ಪದೇಪದೇ ಸಿಕ್ಕಿದ್ದು ನಾಲ್ಕು: ಕೊರಲೆ, ಅದರ ಜೊತೆಗೆ ನವಣೆ ಜಾತಿಯ ಒಂದು ಕಾಡು ಸಿರಿಧಾನ್ಯ, ಹೆಸರು, ಹುರುಳಿ. ಕೆಲವು ಕಡೆ ಸ್ವಲ್ಪ ಗೋಧಿ, ಜವೆಗೋಧಿ. ಇದೆಲ್ಲ ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಹುರುಳಿ, ಹೆಸರು, ಕೊರಲೆಯನ್ನ ದಕ್ಷಿಣದವರೇ ಪಳಗಿಸಿದ್ರು ಅನ್ನೋದು ಈ ಸಂಶೋಧಕರ ವಾದ.

ಈಗ ಹಿಂದಿನ ಪೋಸ್ಟ್‌ನ ಲೆಕ್ಕಕ್ಕೆ ಜೋಡಿಸಿ. ಹೆಸರು ಬಿತ್ತಿದ ಎರಡು, ಎರಡೂವರೆ ತಿಂಗಳಿಗೆ ಕೈಗೆ ಬರುತ್ತೆ. ಕೊರಲೆ ಸುಮಾರು ಮೂರು ತಿಂಗಳು. ಮುಂಗಾರಲ್ಲಿ ಬಿತ್ತಿದ್ರೆ ಮನೆಯ ದಾಸ್ತಾನು ಮುಗಿಯೋ ಹೊತ್ತಿಗೆ ಸರಿಯಾಗಿ ಹೊಸ ಕಾಳು. ವಾಗ್ಭಟ ಶರತ್ಕಾಲಕ್ಕೆ ಬರೆದ ಹೆಸರುಕಾಳು, ಅವನು ಹುಟ್ಟೋದಕ್ಕಿಂತ ಎರಡು ಸಾವಿರ ವರ್ಷಕ್ಕೂ ಮುಂಚೆ ಕುರುಗೋಡಿನ ಒಲೆಯ ಮೇಲೆ ಬೇಯ್ತಿತ್ತು.

ಭಾಗ 6/10: ರೊಟ್ಟಿ ಆಫ್ರಿಕಾದ್ದು, ಚಟ್ನಿ ಅಮೆರಿಕದ್ದು

ಹಾಗಾದ್ರೆ "ನಮ್ಮ ಅಸಲಿ ಊಟಕ್ಕೆ ವಾಪಸ್ ಹೋಗೋಣ" ಅಂತ ಡೈಲಾಗ್ ಹೊಡೀಬಹುದಾ? ಸ್ವಲ್ಪ ತಡೀರಿ.

ಮೇಲಿನ ಪಟ್ಟಿಯಲ್ಲಿ ಜೋಳ ಇಲ್ಲ, ಗಮನಿಸಿದ್ರಾ? ನಾವು ಪ್ರಾಣ ಕೊಡೋ ಜೋಳ ಮೂಲದಲ್ಲಿ ಆಫ್ರಿಕಾದ್ದು. ಸಜ್ಜೆನೂ ಅಲ್ಲಿಂದಲೇ. ಸಮುದ್ರ ದಾಟಿ ಬಂದು, ನಮ್ಮ ಎರೆ ಭೂಮಿಗೆ ಒಗ್ಗಿ, ನಮ್ಮದೇ ಆಯ್ತು. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ತಲುಪಿದ್ದು. ಅಂದ್ರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಇರೋ ನಮ್ಮ ತಟ್ಟೆಯಲ್ಲಿ ಮೂರು ಖಂಡ ಕೂತಿವೆ. ಚರಕನಿಗೆ ಮೆಣಸಿನಕಾಯಿ ಗೊತ್ತೇ ಇರಲಿಲ್ಲ.

ನಮ್ಮವರು ಊಟದ ಬಗ್ಗೆ ಬರೆದಿಟ್ಟಿದ್ದೂ ಇದೆ. ಕುರುಗೋಡಿನ ಕೋಟೆ ನೋಡಿದ್ದೀರಲ್ಲ, ಅಲ್ಲಿ ಆಳಿದ ಸಿಂದರು 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಕಾಲದಲ್ಲೇ, ಸುಮಾರು 1025ರಲ್ಲಿ, ಎರಡನೇ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಬೇಸಾಯ, ನೀರು, ಔಷಧ, ಅಡುಗೆ ಎಲ್ಲ ಒಂದೇ ಪುಸ್ತಕದಲ್ಲಿ. ಸುಮಾರು 1129ರಲ್ಲಿ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ಊಟಕ್ಕೆ ಅಂತಾನೇ 'ಅನ್ನಭೋಗ' ಅನ್ನೋ ಭಾಗ ಇದೆ.

ಅದು ಅರಮನೆಯ ಊಟ, ಒಪ್ಪಿದೆ. ಹಳ್ಳಿಯ ಜಾಣತನ ಇದ್ದದ್ದು ಹಗೇವಿನಲ್ಲಿ. ನೆಲದೊಳಗೆ ಅಗೆದ ಕಣಜ ಅದು. ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ರೆ ವರ್ಷಗಟ್ಟಲೆ ಇರ್ತಿತ್ತು. ಒಳಗಿನ ಗಾಳಿ ಕೆಟ್ಟಿರುತ್ತೆ ಅಂತ ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ನಮ್ಮಜ್ಜಿಯ ತವರು ಕುರುಗೋಡು ಕಡೆಯ ಮಸಾರಿ ಊರು. ಅವರ ಮನೆಯ ಹಗೇವು ಮುಚ್ಚಿ ಈಗ ಅದರ ಮೇಲೆ ಬೈಕ್ ನಿಲ್ಲಿಸ್ತಾರೆ.

ಹಗೇವು ಯಾಕೆ ಬೇಕಿತ್ತು ಅನ್ನೋದಕ್ಕೆ ಮುಂದಿನ ಪೋಸ್ಟ್. ಅದು ಸ್ವಲ್ಪ ಭಾರ ಇದೆ.

ಭಾಗ 7/10: ಧಾತು ಸಂವತ್ಸರದ ಶರತ್ಕಾಲ

ಇದಕ್ಕೆ ಫೋಟೋ ಹಾಕಿಲ್ಲ. ಆ ಕಾಲದ ಫೋಟೋಗಳು ಇವೆ. ಊಟದ ಸರಣಿಯಲ್ಲಿ ಅವನ್ನ ಹಾಕೋಕೆ ಮನಸ್ಸು ಬರಲಿಲ್ಲ.

1876. ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಮುಂಗಾರು ಸರಿಯಾಗಿ ಬರಲಿಲ್ಲ. ಜನ ಹಿಂಗಾರಿಗೆ ಕಾದ್ರು. ಅದೂ ಕೈಕೊಟ್ಟಿತು. ನಮ್ಮ ಊಟ ನಿಂತಿದ್ದೇ ಆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಮೇಲೆ ಅಂತ ನಾಲ್ಕನೇ ಭಾಗದಲ್ಲಿ ಹೇಳಿದೆನಲ್ಲ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ದಾಟಿದ್ದರಿಂದ ಕನ್ನಡ ನಾಡಿನಲ್ಲಿ ಅದನ್ನ ಧಾತು ಈಶ್ವರ ಬರ ಅಂತಾರೆ. 1878ರ ತನಕ ನಡೆದ ಆ ಬರದಲ್ಲಿ ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು ಅನ್ನೋದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು.

ಸರ್ಕಾರ ಬರ ಕಾಮಗಾರಿ ತೆರೆಯಿತು. ಕಲ್ಲು ಒಡಿ, ರಸ್ತೆ ಮಾಡು, ಕೂಲಿ ತಗೋ. 1877ರ ಶುರುವಿನಲ್ಲಿ ಖರ್ಚು ಉಳಿಸೋಕೆ ಅಂತ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಕೂಲಿ ಇಳಿಸಿದ. ದಿನವಿಡೀ ದುಡಿಯೋ ಗಂಡಸಿಗೆ ಒಂದು ಪೌಂಡ್ ಕಾಳಿನ ಬೆಲೆ, ಅಂದ್ರೆ ಸುಮಾರು 450 ಗ್ರಾಂ, ಮೇಲೆ ಸ್ವಲ್ಪ ಚಿಲ್ಲರೆ ಕಾಸು. ಹೆಂಗಸರಿಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಇತಿಹಾಸದಲ್ಲಿ ಅದಕ್ಕೆ 'ಟೆಂಪಲ್ ಕೂಲಿ' ಅಂತಾನೇ ಹೆಸರು. ಮದ್ರಾಸಿನ ಆರೋಗ್ಯ ಅಧಿಕಾರಿ ಡಬ್ಲ್ಯು.ಆರ್. ಕಾರ್ನಿಶ್, ಇಷ್ಟರಲ್ಲಿ ದುಡಿಯೋ ದೇಹ ಉಳಿಯಲ್ಲ ಅಂತ ಪಟ್ಟುಹಿಡಿದು ವಿರೋಧಿಸಿದ. ಆಮೇಲೆ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಎಷ್ಟೋ ಜನ ಹೋಗಿಯಾಗಿತ್ತು. ಇದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿ ರಫ್ತು ನಿಂತಿರಲಿಲ್ಲ.

ನಮಗೆ ಕಾಸ್ಟ್ ಅಕೌಂಟಿಂಗ್‌ನಲ್ಲಿ ಲೇಬರ್ ಕಾಸ್ಟ್ ಅಂತ ಒಂದು ಅಧ್ಯಾಯ ಇದೆ. ಅದನ್ನ ಓದುವಾಗ ಈಗ ನನಗೆ ಆ 450 ಗ್ರಾಂ ನೆನಪಾಗುತ್ತೆ. ಟೇಬಲ್‌ನಲ್ಲಿ ಬರೆಯೋ ಒಂದು ಅಂಕಿ ಒಬ್ಬರ ತಟ್ಟೆಯಲ್ಲಿ ಏನಾಗುತ್ತೆ ಅಂತ ಕಾರ್ನಿಶ್ ಒಬ್ಬ ಕೇಳಿದ. 1880ರ ಕ್ಷಾಮ ಆಯೋಗ, ಅದರ ನಂತರದ ಕ್ಷಾಮ ಸಂಹಿತೆ ಬಂದಿದ್ದು ಈ ಬರದ ಪಾಠದಿಂದಲೇ.

ಭಾಗ 8/10: 1953, ನೀರು ಬಂತು

ಬಳ್ಳಾರಿಗೆ 1953 ಎರಡು ಕಾರಣಕ್ಕೆ ದೊಡ್ಡ ವರ್ಷ. ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ, ಸಿರುಗುಪ್ಪ ಸೇರಿದಂತೆ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆದೋನಿ, ರಾಯದುರ್ಗ, ಆಲೂರು ಆಂಧ್ರಕ್ಕೆ ಹೋದವು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂತು. ಅಣೆಕಟ್ಟಿನ ಕೆಲಸ ಶುರುವಾಗಿದ್ದು 1945ರಲ್ಲಿ. ಕನಸು ಇನ್ನೂ ಹಳೇದು, 1860ರಷ್ಟು ಹಿಂದೆಯೇ ಆರ್ಥರ್ ಕಾಟನ್ ಇದರ ಬಗ್ಗೆ ಯೋಚಿಸಿದ್ದ.

ಯೋಜನೆಯ ಮೂಲ ಉದ್ದೇಶ ಬರದಿಂದ ರಕ್ಷಣೆ. ನೀರನ್ನ ತೆಳ್ಳಗೆ ಹಂಚಿ, ಜೋಳ, ಹತ್ತಿಯಂಥ ಬೆಳೆಗೆ ಹೆಚ್ಚು ಹೊಲ ಮುಟ್ಟಿಸೋದು. ಆಗಿದ್ದು ಬೇರೆ. ಕಾಲುವೆ ಹಿಂದೆಯೇ ಭತ್ತ ಬಂತು. ಆಂಧ್ರದ ಕರಾವಳಿಯಿಂದ ಭತ್ತ ಬಲ್ಲ ರೈತರು ಬಂದು ನೆಲೆಸಿದ್ರು, ಅವರ ಊರುಗಳಿಗೆ ಇವತ್ತಿಗೂ 'ಕ್ಯಾಂಪ್' ಅಂತಾನೇ ಕರೀತೀವಿ. ಸಿರುಗುಪ್ಪದಲ್ಲಿ ರೈಸ್ ಮಿಲ್‌ಗಳು ಎದ್ದವು. ಈಗ ಅಕ್ಟೋಬರ್‌ನಲ್ಲಿ ಹೋದ್ರೆ ಕಣ್ಣು ಹಾಯೋವರೆಗೂ ಹಸಿರು ಗದ್ದೆ. ಸೋನಾ ಮಸೂರಿ ಘಮ.

ಅಜ್ಜಿ ಮದುವೆಯಾಗಿ ಬಂದಿದ್ದು ಇಂಥ ಕಾಲುವೆ ಊರಿಗೆ. ತವರಲ್ಲಿ ಅನ್ನ ಅಂದ್ರೆ ಹಬ್ಬ, ನೆಂಟರು, ಜ್ವರ. ದಿನಾ ರೊಟ್ಟಿ, ನುಚ್ಚು, ಕೂಲಿನೂ ಕಾಳಿನಲ್ಲೇ. ಅತ್ತೆಮನೆಯಲ್ಲಿ ಮೊದಲ ವಾರ ದಿನಾ ಅನ್ನ ನೋಡಿ ಅವಳಿಗೆ ಅನುಮಾನ: "ಇವ್ರ ಮನ್ಯಾಗ ದಿನಾ ಯಾರಿಗೆ ಜ್ವರ ಬರ್ತೈತಿ ಅನ್ಕೊಂಡೆ!"

ಭತ್ತವನ್ನ ಬೈಯೋದು ಸುಲಭ. ನಾನು ಬೈಯಲ್ಲ. ನಮ್ಮಪ್ಪ ಕಾಲೇಜು ಓದಿದ್ದು ಭತ್ತದ ದುಡ್ಡಲ್ಲಿ. ಹಿಂಗಾರು ಕೈಕೊಟ್ರೆ ಸಾಯಬೇಕು ಅನ್ನೋ ಭಯ ಹೋಗಿದ್ದು ಆ ಕಾಲುವೆಯಿಂದ. ಆದ್ರೆ ಎರಡು ತಲೆಮಾರಿನಲ್ಲಿ ನಮ್ಮನೆ ಮೂರು ಹೊತ್ತೂ ಅಕ್ಕಿಯಾಯ್ತು. ಬೆಳಿಗ್ಗೆ ಇಡ್ಲಿ ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಹೊಲದ ಕೆಲಸ ಮಷೀನಿಗೆ ಹೋಯ್ತು, ನಡಿಗೆ ನಿಂತಿತು.

ಅಜ್ಜಿಗೆ ಈಗ ಶುಗರ್. ಅಪ್ಪನಿಗೂ ಬಂದಿದೆ. ಅನ್ನದಿಂದಲೇ ಬಂತು ಅಂತ ಹೇಳೋಕೆ ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹೇಳಿದ್ದು ಇಷ್ಟು: "ಅನ್ನ ಕಡಿಮೆ ಮಾಡಿ, ರೊಟ್ಟಿ, ಕಾಳು, ತರಕಾರಿ ಜಾಸ್ತಿ ಮಾಡಿ." ಅಜ್ಜಿ ನಕ್ಕಳು: "ಅಂದ್ರ ನಮ್ಮವ್ವನ ಮನಿ ಊಟ."

ಭಾಗ 9/10: ಹಾಗಾದ್ರೆ ಈ ಶರತ್ಕಾಲ ಏನು ತಿನ್ನೋಣ?

ಸೇವ್ ಮಾಡ್ಕೊಳ್ಳಿ. ನಾನು ವೈದ್ಯ ಅಲ್ಲ. ಶುಗರ್, ಕಿಡ್ನಿ ತೊಂದರೆ ಇದ್ದವರು ನಿಮ್ಮ ಡಾಕ್ಟರ್ ಮಾತು ಮೊದಲು ಕೇಳಿ. ಇದು ಇಷ್ಟು ಓದಿದ ಮೇಲೆ, ಅಜ್ಜಿಯನ್ನ ಕೇಳಿದ ಮೇಲೆ ನಮ್ಮನೆಯಲ್ಲಿ ಮಾಡ್ಕೊಂಡ ಪದ್ಧತಿ.

ಮೊದಲು ಕಿಟಕಿಯಾಚೆ ನೋಡಿ. ಹಸ್ತ ಮಳೆ ಹಿಡಿದಿದ್ರೆ ಬಿಸಿ ಹುರುಳಿ ಕಟ್ಟಿನ ಸಾರು, ಬೆಳ್ಳುಳ್ಳಿ ಒಗ್ಗರಣೆ. ಆಯುರ್ವೇದ ಹುರುಳಿ ಉಷ್ಣ, ಪಿತ್ತ ಹೆಚ್ಚಿಸುತ್ತೆ ಅನ್ನುತ್ತೆ, ಶರತ್ಕಾಲದಲ್ಲಿ ಮಿತವಾಗಿರಲಿ ಅನ್ನೋ ಅರ್ಥ. ಸರಿ, ಮಳೆ ನಿಂತು ಬಿಸಿಲು ಚುರುಗುಟ್ಟೋ ವಾರ ಅದನ್ನ ಬಿಡಿ, ಹೆಸರುಬೇಳೆ ತೊವ್ವೆ ಮಾಡಿ. ಪುಸ್ತಕದ ಶರತ್ಕಾಲ ನಮ್ಮೂರಿಗೆ ಬರೋದು ಸ್ವಾತಿ ಮಳೆ ಮುಗಿಯೋ ಹೊತ್ತಿಗೆ, ನವೆಂಬರ್‌ನಲ್ಲಿ. ಚೀನಾದವರ ಒಣಗಾಳಿ ಇನ್ನೂ ತಡ, ಡಿಸೆಂಬರ್, ಜನವರಿಗೆ ತುಟಿ ಒಡೆಯುವಾಗ. ಎಳ್ಳು ನಮ್ಮಲ್ಲಿ ತಟ್ಟೆಗೆ ಬರೋದೂ ಆಗಲೇ, ಎಳ್ಳಮಾವಾಸ್ಯೆ, ಸಂಕ್ರಾಂತಿಗೆ. ಎರಡು ದೇಶ, ಒಂದೇ ಎಳ್ಳು.

ಆಮೇಲೆ ಹೊಲ ನೋಡಿ. ಸುತ್ತ ಏನು ಕೊಯ್ಲಾಗ್ತಿದೆಯೋ ಅದು ಅಗ್ಗ, ಅದು ತಾಜಾ. ಹೊಸ ಹೆಸರು, ಸಜ್ಜೆ, ಹೀರೇಕಾಯಿ, ಪುಂಡಿಪಲ್ಯ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಕಟ್ಕೊಂಡು ಹೋಗಿ ಚರಗ ಚೆಲ್ಲೋದು ನಿಮಗೆ ಗೊತ್ತು. ಆ ಬುತ್ತಿಯಲ್ಲಿ ಏನೇನಿರುತ್ತೆ ಅಂತ ಒಮ್ಮೆ ಪಟ್ಟಿ ಮಾಡಿ. ರೊಟ್ಟಿ, ಕಾಳು ಪಲ್ಯ, ಸೊಪ್ಪು, ಚಟ್ನಿಪುಡಿ, ಹೋಳಿಗೆ. ಯಾವ ಡಯಟ್ ಚಾರ್ಟ್‌ಗೂ ಕಡಿಮೆಯಿಲ್ಲ.

ಕೊನೆಗೆ, ಬದಲಾವಣೆ ನಿಧಾನವಾಗಿರಲಿ. ವಾಗ್ಭಟ 'ಋತುಸಂಧಿ' ಅಂತ ಹೇಳ್ತಾನೆ. ಹೋಗೋ ಋತುವಿನ ಕೊನೆಯ ಏಳು ದಿನ, ಬರೋ ಋತುವಿನ ಮೊದಲ ಏಳು ದಿನ. ಆ ಎರಡು ವಾರದಲ್ಲಿ ಹಳೇ ಊಟ ಸ್ವಲ್ಪಸ್ವಲ್ಪ ಬಿಡ್ತಾ, ಹೊಸದನ್ನ ಸ್ವಲ್ಪಸ್ವಲ್ಪ ಹಿಡೀಬೇಕು. ನಾನು ಮಾಡಿದ ತಪ್ಪು ಅದೇ, ಒಂದೇ ದಿನದಲ್ಲಿ ಅನ್ನ ಬಿಟ್ಟು ಮೂರು ದಿನ ಮೂರು ಹೊತ್ತೂ ಕೊರಲೆ ತಿಂದೆ. ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಮುಂದೆ ಹೇಳಲ್ಲ.

ಇನ್ನೊಂದು ಮಾತು. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದ ಮೇಲೆ ಚಂದದ ಪ್ಯಾಕೆಟ್‌ನಲ್ಲಿ ಕೊರಲೆ, ನವಣೆ ದುಬಾರಿ ಬೆಲೆಗೆ ಸಿಗ್ತಿದೆ. ಕೊಳ್ಳೋಕಾಗಲ್ಲ ಅಂತ ಬೇಜಾರಾಗಬೇಡಿ. ಸಂತೆಯ ಜೋಳ, ಹೆಸರು, ಹುರುಳಿ ಸಾಕು. ಸಂಗನಕಲ್ಲಿನವರ ಹತ್ರ ಪ್ಯಾಕೆಟ್ ಇರಲಿಲ್ಲ.

ಭಾಗ 10/10: ರೊಟ್ಟಿ ಬಡಿಯೋರು ಯಾರು?

ಇಷ್ಟೆಲ್ಲ ಓದಿ, ಬರೆದು, ಮನೆಯಲ್ಲಿ ದೊಡ್ಡ ಭಾಷಣ ಮಾಡಿದೆ. "ಇವತ್ತಿಂದ ರಾತ್ರಿ ರೊಟ್ಟಿ." ಅಮ್ಮ ಒಂದೇ ಮಾತು ಕೇಳಿದಳು. "ಬಡಿಯೋರು ಯಾರು?"

ಅಜ್ಜಿಯ ಬೆರಳಿನ ಗೆಣ್ಣು ಊದಿಕೊಂಡಿವೆ, ಈಗ ಬಡಿಯೋಕಾಗಲ್ಲ. ಅಮ್ಮ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಬರ್ತಾಳೆ. ಅಪ್ಪನಿಗೆ, ನನಗೆ ಯಾರೂ ಕಲಿಸಿಲ್ಲ, ನಾವೂ ಕೇಳಿಲ್ಲ. ನಾಲ್ಕು ಸಾವಿರ ವರ್ಷದ ಇತಿಹಾಸ ಹೇಳೋ ನನ್ನ ಬಾಯಿ ಅಲ್ಲಿ ಮುಚ್ಚಿತು. ಅಕ್ಕಿ ಗೆದ್ದಿದ್ದಕ್ಕೆ ಕಾಲುವೆ ಒಂದೇ ಕಾರಣ ಅಲ್ಲ. ಕುಕ್ಕರ್‌ಗೆ ಹಾಕಿದ್ರೆ ಅದು ತಾನೇ ಬೇಯುತ್ತೆ. ರೊಟ್ಟಿಗೆ ಒಬ್ಬ ಹೆಂಗಸು ಒಲೆ ಮುಂದೆ ಒಂದು ಗಂಟೆ ಕೂರಬೇಕಿತ್ತು. ಆ ಗಂಟೆಯ ಕೂಲಿಯನ್ನ ನಮ್ಮ ಮನೆಯ ಯಾವ ಲೆಕ್ಕದಲ್ಲೂ ಯಾರೂ ಬರೆದಿಲ್ಲ.

ದಸರಾ ರಜೆಯಲ್ಲಿ ಅಜ್ಜಿ ಪಕ್ಕ ಕೂತೆ. ಕುದಿಯೋ ನೀರು ಹಾಕಿ ಹಿಟ್ಟು ನಾದೋದು, ಮುದ್ದೆ ಮಾಡೋದು, ಹಿಟ್ಟು ಉದುರಿಸಿ ಅಂಗೈಯಿಂದ ಬಡೀತಾ ತಿರುಗಿಸೋದು. ಮೊದಲ ರೊಟ್ಟಿ ಆಂಧ್ರದ ನಕ್ಷೆ ಆಯ್ತು. ಎರಡನೇದು ಹೆಂಚಿಗೆ ಹಾಕೋವಾಗ ಎರಡು ತುಂಡು. ಅಜ್ಜಿ ಹೇಳಿದ್ಲು, "ಸಿಟ್ಟಿನ್ಯಾಗ ಬಡೀಬ್ಯಾಡ. ಅದು ನಿನ್ನ ಕೈ ನೋಡ್ತೈತಿ." ಹನ್ನೊಂದನೇ ರೊಟ್ಟಿ ಉಬ್ಬಿತು. ಫೋಟೋದಲ್ಲಿರೋದು ಅದೇ. ಅಂಚು ಹರಿದಿದೆ, ಒಂದು ಕಡೆ ಕರಕಲು. ಫಿಲ್ಟರ್ ಹಾಕಿಲ್ಲ.

ಈಗ ವಾರಕ್ಕೆ ಮೂರು ರಾತ್ರಿ ನಾನು ಬಡೀತೀನಿ. ಹಾಸ್ಟೆಲ್ ಗೆಳೆಯರು "ರೊಟ್ಟಿ ಮಾಸ್ಟರ್" ಅಂತ ಕಿಚಾಯಿಸ್ತಾರೆ, ಶನಿವಾರ ಮಾತ್ರ ತಟ್ಟೆ ಹಿಡ್ಕೊಂಡು ಮೊದಲು ಬರೋರೂ ಅವರೇ. ಅಜ್ಜಿಯ ಶುಗರ್ ಮಾಯವಾಗಿಲ್ಲ, ಮಾತ್ರೆ ನಡೀತಿದೆ. ಆದ್ರೆ ರಾತ್ರಿ ಊಟ ಬಿಡೋದು ನಿಲ್ಲಿಸಿದ್ದಾಳೆ. ಎರಡು ರೊಟ್ಟಿ, ಹೆಸರುಕಾಳು ಪಲ್ಯ, ಸ್ವಲ್ಪ ಮಜ್ಜಿಗೆ.

ನಿಮಗೊಂದು ಹೋಂವರ್ಕ್. ಈ ವಾರ ನಿಮ್ಮನೆಯ ಅತಿ ಹಿರಿಯರನ್ನ ಕೇಳಿ: "ನೀವು ಸಣ್ಣವರಿದ್ದಾಗ ಉತ್ತರೆ ಮಳೆ ಹೊತ್ತಿಗೆ ಮನೆಯಲ್ಲಿ ಏನು ಉಂಡ್ರಿ? ಕಾಳು ಮುಗಿದಾಗ ಏನು ಮಾಡಿದ್ರಿ?" ಉತ್ತರವನ್ನ ಕಮೆಂಟ್‌ನಲ್ಲಿ ಬರೀರಿ, ಊರಿನ ಹೆಸರು ಹಾಕಿ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಎತ್ತಿ ಬರೀತಿದ್ದೀನಿ. ಲೆಡ್ಜರ್ ಪುಸ್ತಕವೇ, ಹೊಸದು. ಮೊದಲ ಪುಟದಲ್ಲಿ ಅಜ್ಜಿಯದ್ದಿದೆ.

ಪಿಯರ್ ಹಣ್ಣು? ಈ ವರ್ಷವೂ ಎರಡು ತಂದೆ. ಅಜ್ಜಿಗೆ ರುಚಿ ಹತ್ತಿದೆ. ಅರ್ಧರ್ಧ ತಿಂತೀವಿ.

#ಬಳ್ಳಾರಿ #ಸಿರುಗುಪ್ಪ #ಕುರುಗೋಡು #ಸಂಗನಕಲ್ಲು #ಜೋಳದರೊಟ್ಟಿ #ಉತ್ತರೆಮಳೆ #ನಮ್ಮೂಟದಇತಿಹಾಸ